ಮನೆಯ ಕಾರ್ಯಾಗಾರಕ್ಕೆ ಮರ ಕಡೆಯುವ ಲೇತ್: ಮೂರರಲ್ಲಿ ಯಾವುದನ್ನು ಕೊಳ್ಳಲಿ?

ಹಲಸಿನತೊಲೆ (ಧಾರವಾಡ):

ಎಲ್ಲರಿಗೂ ನಮಸ್ಕಾರ. ಕಳೆದ ವರ್ಷ ನೌಕರಿಯಿಂದ ನಿವೃತ್ತನಾದ ಮೇಲೆ ಹಿತ್ತಿಲಿನಲ್ಲಿದ್ದ 10 ಅಡಿ ಅಗಲ, 12 ಅಡಿ ಉದ್ದದ ಪತ್ರಾಸಿನ ಕೋಣೆಯನ್ನು ಬಡಗಿ ಕೆಲಸಕ್ಕೆ ಸಜ್ಜು ಮಾಡಿಕೊಂಡಿದ್ದೇನೆ. ಗರಗಸ, ಉಳಿ, ರಂದಾ ಹಿಡಿದು ಒಂದು ಸ್ಟೂಲನ್ನೂ ಎರಡು ಕಪಾಟುಗಳನ್ನೂ ಮಾಡಿ ಮುಗಿಸಿದ ಧೈರ್ಯದಲ್ಲಿ ಈಗ ಲೇತ್ (ಮರದ ತುಂಡನ್ನು ತಿರುಗಿಸುತ್ತ ಉಳಿಯಿಂದ ದುಂಡಗೆ ಕಡೆಯುವ ಯಂತ್ರ) ಕೊಳ್ಳಬೇಕೆಂದಿದ್ದೇನೆ. ಲಟ್ಟಣಿಗೆ, ಕಡಗೋಲು, ಬುಗುರಿಗಳಿಂದ ಆರಂಭಿಸಿ ಮುಂದೆ 10 ಅಂಗುಲದವರೆಗಿನ ಮರದ ಬಟ್ಟಲುಗಳನ್ನು ಮಾಡುವ ಆಸೆಯಿದೆ. ಇದರ ಜೊತೆಗೆ, ಕಲಘಟಗಿಯ ಬಣ್ಣದ ತೊಟ್ಟಿಲುಗಳನ್ನು ನೋಡುತ್ತ ಬೆಳೆದವನಾದ್ದರಿಂದ, ಬರಲಿರುವ ಮೊಮ್ಮಗುವಿಗೆ ಅಂಥದೊಂದು ತೊಟ್ಟಿಲನ್ನು ನನ್ನ ಕೈಯಾರೆ ಮಾಡಬೇಕೆಂಬ ಹಟವೂ ಇದೆ. ಅದರ ಕಂಬಗಳು 30 ಅಂಗುಲ ಉದ್ದ ಬರುತ್ತವೆ.

ನನ್ನ ಮುಂದೆ ಮೂರು ಯಂತ್ರಗಳಿವೆ. ಮೊದಲನೆಯದು ಮೇಜಿನ ಮೇಲಿಡುವ ಹೊಸ ದೇಶೀ ಲೇತ್. ಅರ್ಧ ಎಚ್‌ಪಿ ಮೋಟರು, ನಾಲ್ಕು ಮೆಟ್ಟಿಲಿನ ಪುಲ್ಲಿ, ಅತಿ ಕಡಿಮೆ ವೇಗ ನಿಮಿಷಕ್ಕೆ 750 ಸುತ್ತು. ಎರಡನೆಯದು ಆಮದು ಮಾಡಿದ ಮಿಡಿ (ನಡುಗಾತ್ರದ) ಲೇತ್. 12 ಅಂಗುಲ ಸ್ವಿಂಗ್ (ಹಿಡಿಯಬಲ್ಲ ತುಂಡಿನ ಅತಿ ಹೆಚ್ಚು ವ್ಯಾಸ), 18 ಅಂಗುಲ ಉದ್ದ, 1 ಎಚ್‌ಪಿ, ಗುಬ್ಬಿ ತಿರುಗಿಸಿ ವೇಗ ಬದಲಿಸಬಹುದು. ಆದರೆ ನಾನು ತೆಗೆದಿಟ್ಟಿರುವ 70,000 ರೂಪಾಯಿಯಲ್ಲಿ ಬಹುಪಾಲು ಅದಕ್ಕೇ ಹೋಗುತ್ತದೆ. ಮೂರನೆಯದು ಪೀಠೋಪಕರಣದ ಅಂಗಡಿಯವರೊಬ್ಬರು ಮಾರಲಿಟ್ಟಿರುವ ಹಳೆಯ ಲೇತ್. ಬೀಡುಕಬ್ಬಿಣದ ಬೆಡ್ (ತಳದ ಹಾಸು) 4 ಅಡಿ ಉದ್ದವಿದೆ, ಬಹಳ ಭಾರವಿದೆ, ಬೆಲೆ ಎಲ್ಲಕ್ಕಿಂತ ಕಡಿಮೆ. ಅದರ 2 ಎಚ್‌ಪಿ ಮೋಟರು ಮಾತ್ರ ತ್ರೀ ಫೇಸಿನದ್ದು, ನಮ್ಮ ಮನೆಯಲ್ಲಿರುವುದು ಸಿಂಗಲ್ ಫೇಸ್. ಅನುಭವಸ್ಥರು ದಾರಿ ತೋರಿಸಬೇಕು.

ಸಿಪ್ಪೆಸುರುಳಿ (ಮೈಸೂರು):

ಹೊಸಬರು ಲೇತ್ ನೋಡಲು ಹೋದಾಗ "ಎಷ್ಟು ದೊಡ್ಡ ತುಂಡು ಹಿಡಿಯುತ್ತದೆ?" ಎಂದು ಕೇಳುತ್ತಾರೆ. ನಾನೂ ಹಾಗೆಯೇ ಕೇಳಿದ್ದೆ. ಕೇಳಬೇಕಾದದ್ದು "ಎಷ್ಟು ನಿಧಾನವಾಗಿ ತಿರುಗುತ್ತದೆ?" ಎಂಬುದನ್ನು. ನಿಮ್ಮ ಮೊದಲನೆಯ ಯಂತ್ರವನ್ನು, ಬಟ್ಟಲಿನ ಆಸೆ ಇರುವವರೆಗೆ, ಈ ಒಂದೇ ಕಾರಣಕ್ಕೆ ನಾನು ಬೇಡವೆನ್ನುತ್ತೇನೆ.

ನನ್ನ ಮೊದಲ ಲೇತಿನ ಅತಿ ಕಡಿಮೆ ವೇಗ 800 ಸುತ್ತು ಇತ್ತು. ಮಾವಿನ ಮರದ 10 ಅಂಗುಲದ ಹಸಿ ತುಂಡೊಂದನ್ನು ಕೊಡಲಿಯಲ್ಲಿ ಅರೆಬರೆ ದುಂಡಗೆ ಕೆತ್ತಿ ಅದಕ್ಕೆ ಕಟ್ಟಿ ಸ್ವಿಚ್ ಹಾಕಿದೆ. ಲೇತ್ ಮೇಜಿನ ಸಮೇತ ಗೋಡೆಯ ಕಡೆಗೆ ನಡೆಯತೊಡಗಿತು. ಸ್ವಿಚ್ಚಿರುವುದು ತುಂಡಿನ ಆಚೆ ಬದಿಯಲ್ಲಿ, ನಾನಿರುವುದು ಈಚೆ ಬದಿಯಲ್ಲಿ. ಕೈ ಚಾಚಬೇಕೋ ಬೇಡವೋ ಎಂದು ಅನುಮಾನಿಸುವಷ್ಟರಲ್ಲಿ ಫೇಸ್‌ಪ್ಲೇಟಿನ (ತುಂಡನ್ನು ಬಿಗಿಯುವ ಲೋಹದ ತಟ್ಟೆಯ) ಗಿಡ್ಡ ಸ್ಕ್ರೂಗಳು ಕಿತ್ತುಬಂದು, ತುಂಡು ಟ್ಯೂಬ್‌ಲೈಟನ್ನು ಒಡೆದು ಹಿಂದಿನ ಬಾಗಿಲಿಗೆ ಬಡಿಯಿತು. ಆಮೇಲೆ ಲೆಕ್ಕ ಹಾಕಿ ನೋಡಿದೆ: 800 ಸುತ್ತಿನಲ್ಲಿ 2 ಅಂಗುಲದ ಲಟ್ಟಣಿಗೆಯ ಮೈ ಗಂಟೆಗೆ 8 ಕಿ.ಮೀ.ಗಿಂತ ಕಡಿಮೆ ವೇಗದಲ್ಲಿ ಚಲಿಸಿದರೆ, 10 ಅಂಗುಲದ ತುಂಡಿನ ಅಂಚು ಸುಮಾರು 38 ಕಿ.ಮೀ. ವೇಗದಲ್ಲಿ ಚಲಿಸುತ್ತದೆ. ವ್ಯಾಸವನ್ನು ಅಂಗುಲದಲ್ಲಿ ತೆಗೆದುಕೊಂಡು ಸುತ್ತಿನ ಸಂಖ್ಯೆಯಿಂದ ಗುಣಿಸಿದರೆ 6,000ದಿಂದ 9,000ದ ಒಳಗೆ ಬರಬೇಕೆಂಬ ರೂಢಿಯ ಲೆಕ್ಕವೊಂದಿದೆ. ಅದು ದುಂಡಗಾಗಿ ಸಮತೂಕಕ್ಕೆ ಬಂದ ತುಂಡಿಗೆ ಮಾತ್ರ ಅನ್ವಯಿಸುತ್ತದೆ. ಒರಟು ತುಂಡನ್ನು 400ಕ್ಕಿಂತ ಕೆಳಗೆ ಆರಂಭಿಸುವುದು ಕ್ಷೇಮ.

ಸ್ವಿಂಗಿನ ವಿಷಯದಲ್ಲಿ ಒಂದು ಮಾತು: 12 ಅಂಗುಲವೆಂದು ಬರೆದಿದ್ದರೂ ಟೂಲ್ ರೆಸ್ಟಿನ (ಉಳಿಯನ್ನು ಊರಿ ಹಿಡಿಯುವ ಪಟ್ಟಿಯ) ಬುಡ ಬೆಡ್ಡಿನ ಮೇಲೆ ಕೂರುವುದರಿಂದ ಅದರ ಮೇಲೆ ಹಾದುಹೋಗುವ ಉದ್ದನೆಯ ಕೆಲಸಕ್ಕೆ ಸಿಗುವುದು ಅದಕ್ಕಿಂತ ಕಡಿಮೆ. ತೊಟ್ಟಿಲಿನ ಕಂಬಕ್ಕೆ ಇದು ಲೆಕ್ಕಕ್ಕೆ ಬರುವುದಿಲ್ಲ, ಬಿಡಿ. ಎರಡನೆಯ ಯಂತ್ರದ 18 ಅಂಗುಲ ಉದ್ದವೂ ನೀವು ತಿಳಿದಷ್ಟು ದೊಡ್ಡ ತೊಡಕಲ್ಲ: ಕಂಬವನ್ನು ಎರಡು ತುಂಡುಗಳಾಗಿ ಕಡೆದು, ಒಂದರ ತುದಿಯಲ್ಲಿ ದುಂಡನೆಯ ಗೂಟ ಬಿಟ್ಟು, ಇನ್ನೊಂದರಲ್ಲಿ ಅದಕ್ಕೆ ಸರಿಯಾದ ತೂತು ಕೊರೆದು, ಬಳೆಯಂತೆ ಉಬ್ಬಿದ ಜಾಗದ ಪಕ್ಕದ ಗೀರಿನಲ್ಲಿ ಬೆಸುಗೆ ಬರುವಂತೆ ಅಂಟಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಣವನ್ನೆಲ್ಲ ಯಂತ್ರಕ್ಕೇ ಸುರಿಯಬೇಡಿ. ಎಚ್ಎಸ್ಎಸ್ (ಬಿಸಿಯಾದರೂ ಬೇಗ ಮೊಂಡಾಗದ) ಉಕ್ಕಿನ ನಾಲ್ಕೈದು ಉಳಿಗಳು, ತುಂಡನ್ನು ಕಚ್ಚಿ ಹಿಡಿಯುವ ನಾಲ್ಕು ದವಡೆಯ ಚಕ್, ಬಿಳಿ ಕಲ್ಲಿನ 8 ಅಂಗುಲದ ಗ್ರೈಂಡರ್, ಮುಖ ಪೂರ್ತಿ ಮುಚ್ಚುವ ಶೀಲ್ಡ್ ಇವಿಷ್ಟಕ್ಕೆ ಮೂರನೆಯ ಒಂದು ಪಾಲಾದರೂ ಬೇಕು. ಲೇತಿನ ಉಳಿಯನ್ನು ಕೆಲಸದ ನಡುವೆ ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ಸಾಣೆ ಹಿಡಿಯಬೇಕಾಗುತ್ತದೆ; ಗ್ರೈಂಡರ್ ಇಲ್ಲದವನು ಮೊಂಡ ಉಳಿಯಿಂದ ಮರವನ್ನು ಕೆರೆಯುತ್ತ ಕೂರುತ್ತಾನೆ. ದುಂಡು ಮಾಡಲು ಬಳಸುವ ರಫಿಂಗ್ ಗೌಜ್ ಎಂಬ ಉಳಿಯನ್ನು ಬಟ್ಟಲಿನ ಒಳಗೆ ಎಂದಿಗೂ ಇಳಿಸಬೇಡಿ. ಅದರ ಹಿಡಿಯೊಳಗಿನ ಬಾಲ ತೆಳ್ಳಗಿರುತ್ತದೆ, ಮುರಿಯುತ್ತದೆ.

ಅರಗುಕಡ್ಡಿ (ಚನ್ನಪಟ್ಟಣ):

ಮೈಸೂರಿನವರು ಹೇಳಿದ್ದು ಬಟ್ಟಲಿನ ಮಟ್ಟಿಗೆ ಸರಿ. ಆದರೆ ಪ್ರಶ್ನೆ ಕೇಳಿದವರ ಪಟ್ಟಿಯಲ್ಲಿ ಬಟ್ಟಲು ಕೊನೆಗೆ ಬರುತ್ತದೆ. ಲಟ್ಟಣಿಗೆ, ಕಡಗೋಲು, ಬುಗುರಿ, ತೊಟ್ಟಿಲು ಎಲ್ಲವೂ ಲೇತಿನ ಎರಡು ಕಡೆಯ ಮೊನೆಗಳ ನಡುವೆ ಅಥವಾ ಒಂದು ತುದಿಯಲ್ಲಿ ಹಿಡಿದು ಕಡೆಯುವ ಸಣ್ಣ ದಪ್ಪದ ಕೆಲಸಗಳು. ನಮ್ಮ ಮನೆಯಲ್ಲಿ ಗೊಂಬೆ ಕಡೆಯುವ ಲೇತಿಗೆ ವೇಗ ಬದಲಿಸುವ ಗುಬ್ಬಿಯೂ ಇಲ್ಲ, ಚಕ್ಕೂ ಇಲ್ಲ. ಮರದ ತುಂಡನ್ನು ಟೊಳ್ಳು ಕೊಳವೆಗೆ ಬಡಿದು ಕೂರಿಸಿದರೆ ಮುಗಿಯಿತು. ನಮ್ಮ ತಾತನ ಕಾಲದ ಕೈಲೇತಿನಲ್ಲಿ ಹಗ್ಗ ಸುತ್ತಿ ಹಿಂದೆ ಮುಂದೆ ಎಳೆಯುತ್ತಿದ್ದರು, ಥೇಟ್ ಮೊಸರು ಕಡೆದ ಹಾಗೆ. ಎರಡಕ್ಕೂ ಕನ್ನಡದಲ್ಲಿ ಒಂದೇ ಮಾತು ಇರುವುದು ನನಗಂತೂ ಸಹಜವೆನಿಸುತ್ತದೆ.

ತೊಟ್ಟಿಲಿಗೆ ಅರಗಿನ ಬಣ್ಣ ಹಾಕುವ ಯೋಚನೆ ಇದ್ದರೆ ಇದನ್ನು ಗಮನಿಸಿ. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಾಟದ ಬಿಸಿಗೇ ಅದು ಕರಗಿ ಮೈಗೆ ಹತ್ತಬೇಕು. ಆಮೇಲೆ ತಾಳೆಗರಿಯ ತುಂಡನ್ನು ಒತ್ತಿ ಹಿಡಿದರೆ ಬಣ್ಣ ಸಮನಾಗಿ ಹರಡಿ ಹೊಳಪು ಬರುತ್ತದೆ. ಒಂದೂವರೆ ಅಂಗುಲದ ಕೋಲು 300 ಸುತ್ತಿನಲ್ಲಿ ತಿರುಗಿದರೆ ಅರಗು ಕರಗುವುದಿಲ್ಲ, ಚೂರು ಚೂರಾಗಿ ಉದುರುತ್ತದೆ. ಹಾಗಾಗಿ ಕೆಳಗಿನ ವೇಗ ಎಷ್ಟು ಮುಖ್ಯವೋ ಮೇಲಿನ ವೇಗವೂ ಅಷ್ಟೇ ಮುಖ್ಯ. ಮರ ಚೆನ್ನಾಗಿ ಒಣಗಿರಬೇಕು. ಹಸಿ ಇದ್ದರೆ ಬಣ್ಣ ಕೂರುವುದಿಲ್ಲ. ನಾವು ಬಳಸುವ ಆಲೆ ಮರ ಬೆಳ್ಳಗೆ, ನುಣ್ಣಗೆ ಇರುವುದರಿಂದ ಬಣ್ಣ ಅದರ ಮೇಲೆ ಎದ್ದು ಕಾಣುತ್ತದೆ. ಸಾಗುವಾನಿಯ ಮೇಲೆ ಮೊದಲು ಒಂದು ತುಂಡಿನಲ್ಲಿ ಪ್ರಯೋಗ ಮಾಡಿ ನೋಡಿ.

ಲೇತಿನ ಮುಂದೆ ಲುಂಗಿ, ಪಂಚೆ, ಹೆಗಲ ಮೇಲೆ ಟವೆಲು ಬೇಡ. ಕೈಗವಸೂ ಬೇಡ. ನಿಂತು ಕೆಲಸ ಮಾಡುವವರಾದರೆ ತಿರುಗುವ ಮೊನೆ ನಿಮ್ಮ ಮೊಣಕೈಯ ಎತ್ತರಕ್ಕೆ ಬರುವಂತೆ ಲೇತನ್ನು ಕೂರಿಸಿ.

ಮೋಟರುಡಬ್ಬಿ (ಬೆಂಗಳೂರು):

ಮೂರನೆಯ ಯಂತ್ರವನ್ನು ಇಬ್ಬರೂ ಮುಟ್ಟಲಿಲ್ಲ. ನನ್ನ ಮಟ್ಟಿಗೆ ಅದೇ ಮೊದಲ ಆಯ್ಕೆ. ತ್ರೀ ಫೇಸ್ ಮೋಟರು ಮನೆಗೆ ಅಡ್ಡಿಯಾಗುವ ಬದಲು ಅನುಕೂಲವೇ ಆಗುತ್ತದೆ. ಏಕೆಂದರೆ ಸಿಂಗಲ್ ಫೇಸಿನ 230 ವೋಲ್ಟನ್ನು ತೆಗೆದುಕೊಂಡು ತ್ರೀ ಫೇಸಿನ 230 ವೋಲ್ಟ್ ಕೊಡುವ ವಿಎಫ್‌ಡಿ ಎಂಬ ಡ್ರೈವ್ ಸಿಗುತ್ತದೆ, ಮತ್ತು ಅದೇ ಪೆಟ್ಟಿಗೆ ವೇಗವನ್ನೂ ಬದಲಿಸಿಕೊಡುತ್ತದೆ. ಆದರೆ ದುಡ್ಡು ಕೊಡುವ ಮೊದಲು ಮೋಟರಿನ ಟರ್ಮಿನಲ್ ಡಬ್ಬಿಯ ಮುಚ್ಚಳ ತೆರೆಯಿಸಿ. ನಮ್ಮಲ್ಲಿ ಈ ಗಾತ್ರದ ಮೋಟರುಗಳು ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿ (ಮೂರು ಸುರುಳಿಗಳ ಒಂದೊಂದು ತುದಿಯನ್ನು ಒಂದೇ ಗಂಟಿಗೆ ಸೇರಿಸಿ) ಬರುತ್ತವೆ. ಒಳಗೆ ಆರು ತುದಿಗಳಿದ್ದರೆ ಡೆಲ್ಟಾಗೆ (ಸುರುಳಿಗಳನ್ನು ತ್ರಿಕೋನದಂತೆ ಸೇರಿಸುವ ಜೋಡಣೆಗೆ) ಬದಲಿಸಿ 230ರಲ್ಲಿ ಓಡಿಸಬಹುದು. ಮೂರೇ ತುದಿಗಳು ಹೊರಬಂದಿದ್ದರೆ ಸ್ಟಾರಿನ ಗಂಟು ಸುರುಳಿಯ ಒಳಗೇ ಇರುತ್ತದೆ. ಅದನ್ನು ರಿವೈಂಡಿಂಗ್ ಅಂಗಡಿಯವರು ಬಿಡಿಸಬೇಕು, ಆ ಖರ್ಚನ್ನು ಬೆಲೆಯಲ್ಲಿ ಇಳಿಸಿ ಕೇಳಿ.

ಡ್ರೈವ್ ಬಂದಿತೆಂದು ಪುಲ್ಲಿಯನ್ನು ಕಳಚಿ ಎಸೆಯಬೇಡಿ. ಆವರ್ತನ ಇಳಿಸಿ ವೇಗ ತಗ್ಗಿಸಿದಾಗ ಮೋಟರಿನ ಶಕ್ತಿಯೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ, ಅದರ ಫ್ಯಾನೂ ನಿಧಾನವಾಗಿ ತಿರುಗುವುದರಿಂದ ಮೋಟರು ಬಿಸಿಯಾಗುತ್ತದೆ. 1,440 ಸುತ್ತಿನ ಮೋಟರಿಗೆ ಅರ್ಧಕ್ಕಿಳಿಸುವ ಪುಲ್ಲಿ ಹಾಕಿ, ಮಾಮೂಲಿ 50ರ ಬದಲು 25 ಹರ್ಟ್ಸ್‌ನಲ್ಲಿ ಓಡಿಸಿದರೆ 360 ಸುತ್ತು ಸಿಗುತ್ತದೆ, ತಿರುಚುವ ಬಲವೂ ಇಮ್ಮಡಿಯಾಗುತ್ತದೆ. ಬಟ್ಟಲಿಗೆ ಅದು; ಅರಗಿಗೆ ಬೆಲ್ಟನ್ನು ಮೇಲಿನ ಮೆಟ್ಟಿಲಿಗೆ ಹಾಕಿಕೊಳ್ಳಿ. ಡ್ರೈವಿನಲ್ಲಿ ನಿಲ್ಲುವ ಸಮಯವನ್ನು ತೀರ ಕಡಿಮೆ ಇಡಬೇಡಿ, ಥಟ್ಟನೆ ನಿಂತರೆ ಚಕ್ ತನ್ನ ತಿರುಪಿನ ಮರೆಯಿಂದ ತಾನೇ ಬಿಚ್ಚಿಕೊಳ್ಳುತ್ತದೆ. 2 ಎಚ್‌ಪಿ ಡ್ರೈವ್ ಪೂರ್ತಿ ಹೊರೆಯಲ್ಲಿ ಸಿಂಗಲ್ ಫೇಸಿನಿಂದ 15 ಆಂಪಿಯರಿನ ಆಸುಪಾಸು ಎಳೆಯುವುದರಿಂದ ಮೀಟರಿನಿಂದಲೇ ಪ್ರತ್ಯೇಕ ತಂತಿ, ಪ್ರತ್ಯೇಕ ಎಂಸಿಬಿ ಮತ್ತು ಒಳ್ಳೆಯ ಅರ್ಥಿಂಗ್ ಬೇಕು.

ಯಂತ್ರದ ಆರೋಗ್ಯ ನೋಡಲು ಎರಡೂ ಮೊನೆಗಳನ್ನು ಹತ್ತಿರ ತಂದು ತುದಿಗೆ ತುದಿ ಕೂಡುತ್ತದೆಯೇ ಎಂದು ಪರೀಕ್ಷಿಸಿ. ಬೆಲ್ಟ್ ಕಳಚಿ ಸ್ಪಿಂಡಲನ್ನು (ತುಂಡನ್ನು ತಿರುಗಿಸುವ ಅಚ್ಚನ್ನು) ಕೈಯಿಂದ ತಿರುಗಿಸಿ, ಮೇಲೆ ಕೆಳಗೆ ಅಲುಗಿಸಿ. ಬೇರಿಂಗ್ ಸವೆದಿದ್ದರೆ ಬೆರಳಿಗೇ ಗೊತ್ತಾಗುತ್ತದೆ. ಚಕ್ ತರಿಸುವ ಮೊದಲು ಸ್ಪಿಂಡಲಿನ ಮರೆಯ ವ್ಯಾಸವನ್ನೂ ಅಂತರವನ್ನೂ ಅಳೆದುಕೊಳ್ಳಿ. ಹಳೆಯ ದೇಶೀ ಲೇತುಗಳ ಮರೆ ಒಂದೊಂದರದ್ದು ಒಂದೊಂದು ಬಗೆ.

ಕಡಲಾಚೆ (ಕ್ಯಾಲಿಫೋರ್ನಿಯಾ):

ಇಲ್ಲಿಂದ ಲೇತ್ ತರಿಸುವ ಯೋಚನೆ ಯಾರಿಗಾದರೂ ಬಂದರೆ ಬಿಟ್ಟುಬಿಡಿ. ಇಲ್ಲಿನ ಸಣ್ಣ ಲೇತುಗಳು 115 ವೋಲ್ಟಿನವು, ಭಾರವೂ ಬಹಳ. ಚಕ್ ಮತ್ತು ಹಿಡಿಯಿಲ್ಲದ ಉಳಿಗಳಾದರೆ ವಿಮಾನದಲ್ಲಿ ಚೆಕ್-ಇನ್ ಸಾಮಾನಿನ ಪೆಟ್ಟಿಗೆಯಲ್ಲಿ ಬರುತ್ತವೆ. ನನ್ನ ಮಾವನವರಿಗೆ ಹಾಗೆಯೇ ತಂದುಕೊಟ್ಟಿದ್ದೇನೆ. ಹಿಡಿಗಳನ್ನು ಅವರು ತಮ್ಮ ಲೇತಿನಲ್ಲೇ ಕಡೆದುಕೊಂಡರು.

ಹಲಸಿನತೊಲೆ (ಧಾರವಾಡ):

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಹಳೆಯ ಲೇತನ್ನು ಮತ್ತೊಮ್ಮೆ ನೋಡಿಬಂದೆ. ಡಬ್ಬಿಯಲ್ಲಿ ಆರು ತುದಿಗಳಿವೆ, ಬೇರಿಂಗಿನಲ್ಲಿ ಅಲುಗಾಟವಿಲ್ಲ. ಮೊನೆಗಳು ಮಾತ್ರ ಒಂದು ರೂಪಾಯಿ ನಾಣ್ಯದ ದಪ್ಪದಷ್ಟು ಮೇಲೆ ಕೆಳಗಾಗಿದ್ದವು. ಟೈಲ್‌ಸ್ಟಾಕನ್ನು (ಹಿಂದಿನ ಮೊನೆಯನ್ನು ಹಿಡಿಯುವ ಭಾಗವನ್ನು) ಬಿಚ್ಚಿ ನೋಡಿದರೆ ಅದರ ಅಡಿಯಲ್ಲಿ ವರ್ಷಗಳ ಹೊಟ್ಟು ಎಣ್ಣೆಯೊಂದಿಗೆ ಸೇರಿ ಹಲಗೆಯಂತೆ ಗಟ್ಟಿಯಾಗಿ ಕೂತಿತ್ತು. ಕೆರೆದು ಒರೆಸಿ ಕೂರಿಸಿದ ಮೇಲೆ ತುದಿಗೆ ತುದಿ ಕೂಡಿತು. ಆದ್ದರಿಂದ ಅದನ್ನೇ ಮುಂಗಡ ಕೊಟ್ಟು ಹಿಡಿದಿದ್ದೇನೆ. ಉಳಿದ ಹಣದಲ್ಲಿ ಮೊದಲು ಡ್ರೈವ್ ಮತ್ತು ಗ್ರೈಂಡರ್, ಆಮೇಲೆ ಉಳಿಗಳು. ಚಕ್ ಮತ್ತು ಬಟ್ಟಲು ತೊಟ್ಟಿಲು ಮುಗಿದ ಮೇಲೆ. ಟಂಟಂ ಗಾಡಿಯವನು ಬಂದು ಲೇತಿನ ಒಂದು ತುದಿ ಎತ್ತಿ ನೋಡಿ, ಇನ್ನೂ ನಾಲ್ಕು ಜನ ಬೇಕೆಂದು ಹೇಳಿ ಹೋಗಿದ್ದಾನೆ. ಭಾನುವಾರ ತರುತ್ತೇವೆ.