ಬೆಲ್ಲದ ನೀರು, ಕಾಕಾನ ಕಾಲು

ಗುಂಪು: ವಾಡೆ ಮಂದಿ, ಕಲಬುರಗಿ

ಬಸಣ್ಣ ಕಾಕಾ: (ಫಾರ್ವರ್ಡ್ ಆದದ್ದು) ರೋಗದ ಕ್ರಿಮಿ ಮೊದಲು ಬಿಳಿ ರಕ್ತಕಣಕ್ಕೆ ಅಂಟುತ್ತದೆ. ಬೆಲ್ಲದ ನೀರು ಕುಡಿದರೆ ಜಾರಿ ಬೀಳುತ್ತದೆ. ಹತ್ತು ಮಂದಿಗೆ ಕಳಿಸಿ.

ಬಸಣ್ಣ ಕಾಕಾ: ಬೆಳಿಗ್ಗೆಯಿಂದ ಮೂರು ಗ್ಲಾಸ್ ಕುಡಿದೆ. ಕಾಲು ಹಗುರ ಅನಿಸುತ್ತಿದೆ.

ಸುಮಾ: ಮೂರಾ? ಕಾಕಾ, ನಿಮಗೆ ಶುಗರ್ ಇದೆ ಅಲ್ವಾ! ಕಾಲಿಗೆ ಏನಾಯಿತು?

ಶಾಂತಾ ಕಾಕು: ಆಳಂದದ ಹೊಲದಲ್ಲಿ ತೊಗರಿ ಕೂಳೆ ಚುಚ್ಚಿದೆ. ನಾಲ್ಕು ದಿನ ಆಯಿತು, ಕೀವು ತುಂಬಿದೆ. ದವಾಖಾನೆಗೆ ನಡೀರಿ ಅಂದರೆ ಫೋನ್ ತೋರಿಸುತ್ತಾರೆ.

ಮಹೇಶ ಅಣ್ಣ: ಕಾಕಾನ ರಕ್ತ ಪರೀಕ್ಷೆ ಮಾಡಿಸಿದ್ದೇನೆ. ಬಿಳಿ ಕಣ 14,200. ಕ್ರಿಮಿ ಜೊತೆ ಹೋರಾಡುವ ಸೈನ್ಯ ಅದು, ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ?

ಸುಮಾ: 4,000ದಿಂದ 11,000 ಇರಬೇಕು ಅಣ್ಣ. ಜಾಸ್ತಿ ಆಗಿದೆ ಅಂದರೆ ಒಳಗೆ ಜಗಳ ನಡೆದಿದೆ.

ಬಸಣ್ಣ ಕಾಕಾ: ನೋಡವ್ವ, ಗುಲ್ಬರ್ಗಾ ವಿಶ್ವವಿದ್ಯಾಲಯದ ಜ್ಞಾನಗಂಗೆಯಲ್ಲಿ ಎಂಎಸ್ಸಿ ಓದಿದ್ದೀ, ಒಪ್ಪಿದೆ. ಕ್ರಿಮಿ ಅಂಟುವುದು ನಿಜವೋ ಸುಳ್ಳೋ, ಅಷ್ಟು ಹೇಳು.

ಸುಮಾ: ನಿಜ. ಆದರೆ ಅಂಟುವುದೆಲ್ಲ ಕೆಟ್ಟದ್ದಲ್ಲ ರೀ. ಬಿಳಿ ಕಣ ನುಂಗಬೇಕಾದರೆ ಮೊದಲು ಹಿಡಿಯಲೇಬೇಕು. ಆಂಟಿಬಾಡಿ ಅಂತ ನಮ್ಮ ಮೈಯೇ ತಯಾರಿಸುವ ಪ್ರೋಟೀನ್ ಹೋಗಿ ಕ್ರಿಮಿಯ ಮೈಗೆ ಮೆತ್ತಿಕೊಳ್ಳುತ್ತದೆ. ಅದರ ಬಾಲ ಹಿಡಿದು ಬಿಳಿ ಕಣ ಎಳೆದುಕೊಳ್ಳುತ್ತದೆ. ಎಲ್ಲ ಜಾರಿ ಬಿದ್ದರೆ ನಮ್ಮ ಕಥೆ ಮುಗಿಯಿತು.

ಬೀದರ್ ಮಾಮಾ: (ಗುಲಾಬಿ ಹೂವಿನ ಚಿತ್ರ) ಎಲ್ಲರಿಗೂ ಶುಭ ಸಂಜೆ.

ಮಹೇಶ ಅಣ್ಣ: ಹಂಗಾದರೆ ಬೆಲ್ಲದ ಮಾತು ಎಲ್ಲಿಂದ ಬಂತು? ಸುಮ್ನೆ ಹುಟ್ಟುತ್ತಾ?

ಸುಮಾ: ಮಜಾ ಇರುವುದೇ ಅಲ್ಲಿ. ಉರಿಮೂತ್ರ ತರುವ ಇ. ಕೋಲಿ ಕ್ರಿಮಿಯ ಮೈಮೇಲೆ ಕೂದಲಿನಂಥ ಎಳೆಗಳಿರುತ್ತವೆ, ತುದಿಗೆ ಕೊಕ್ಕೆ. ಉತ್ತರಾಣಿ ಬೀಜ ಧೋತರಕ್ಕೆ ಹತ್ತುತ್ತದಲ್ಲ, ಹಂಗೆ ಹತ್ತುತ್ತದೆ. ಕೊಕ್ಕೆಗೆ ಸಿಗುವುದು ನಮ್ಮ ಜೀವಕೋಶದ ಮೇಲಿರುವ ಮ್ಯಾನೋಸ್ ಅನ್ನುವ ಸಕ್ಕರೆ. ಬಿಳಿ ಕಣದ ಮೇಲೂ ಅದಿದೆ. ಲ್ಯಾಬಿನಲ್ಲಿ ಬೇರೆ ಮ್ಯಾನೋಸ್ ಬೆರೆಸಿದರೆ ಕೊಕ್ಕೆಗಳೆಲ್ಲ ಅದಕ್ಕೇ ಸಿಕ್ಕಿಕೊಳ್ಳುತ್ತವೆ, ಕ್ರಿಮಿ ಕಣಕ್ಕೆ ಹತ್ತುವುದಿಲ್ಲ. ಯಾರೋ ಪುಣ್ಯಾತ್ಮ ಮ್ಯಾನೋಸ್ ತೆಗೆದು ಬೆಲ್ಲ ಹಾಕಿದ್ದಾನೆ.

ಬಸಣ್ಣ ಕಾಕಾ: ಸಕ್ಕರೆ ಅಂದರೆ ಸಕ್ಕರೆ.

ಸುಮಾ: ಜೋಳವೂ ಕಾಳು, ತೊಗರಿಯೂ ಕಾಳು. ತೊಗರಿ ಹಿಟ್ಟಿನಲ್ಲಿ ರೊಟ್ಟಿ ಬಡಿಸುತ್ತೀರಾ ಕಾಕುನ ಕೈಲಿ? ಬೆಲ್ಲ ಹೊಟ್ಟೆಯಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ರಕ್ತದಲ್ಲಿ ಸಕ್ಕರೆ ಏರಿದರೆ ಬಿಳಿ ಕಣವೇ ಮಂದ ಆಗುತ್ತದೆ. ಗಾಯದ ಕಡೆ ಹೋಗುವುದೂ ನಿಧಾನ, ನುಂಗುವುದೂ ನಿಧಾನ.

ಸುಮಾ: ಇಂಥ ಗಾಯದಲ್ಲಿ ಕೀವು ಮಾಡುವುದು ಹೆಚ್ಚಾಗಿ ಸ್ಟ್ಯಾಫಿಲೋಕಾಕಸ್ ಅನ್ನುವ ಬೇರೆ ಕ್ರಿಮಿ. ಅದು ಮಹಾ ಕಿಲಾಡಿ. ಪ್ರೋಟೀನ್ ಎ ಅಂತ ಒಂದು ಇಟ್ಟುಕೊಂಡಿದೆ, ಅದರಿಂದ ಆಂಟಿಬಾಡಿಯ ಬಾಲವನ್ನೇ ತಾನು ಹಿಡಿದು ಕೂಡುತ್ತದೆ. ಬಿಳಿ ಕಣ ಎಲ್ಲಿ ಹಿಡಿಯಬೇಕು? ಅಲ್ಲಿ ತೊಂದರೆ ಅಂಟದೆ ಇರುವುದರಿಂದ, ಕಾಕಾ!

ಬಸಣ್ಣ ಕಾಕಾ: ನಮ್ಮಪ್ಪನಿಗೆ ಮುಳ್ಳು ಚುಚ್ಚಿದರೆ ಎಕ್ಕೆ ಹಾಲು ಹಚ್ಚಿ ಬಿಡುತ್ತಿದ್ದರು. ಇಷ್ಟು ಶಾಸ್ತ್ರ ಇರಲಿಲ್ಲ.

ಸುಮಾ: ಈ ಶಾಸ್ತ್ರ ಶುರುವಾಗಿದ್ದೇ ಮುಳ್ಳಿನಿಂದ. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಮೆಚ್ನಿಕಾಫ್ ಅನ್ನುವ ವಿಜ್ಞಾನಿ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ ಇಟ್ಟರು. ಬೆಳಿಗ್ಗೆ ನೋಡಿದರೆ ಕಣಗಳು ಮುಳ್ಳಿನ ಸುತ್ತ ಮುತ್ತಿದ್ದವು. 1908ರಲ್ಲಿ ನೊಬೆಲ್ ಬಂತು. ನಿಮ್ಮ ಕಾಲಿನ ಕೀವಿನಲ್ಲೂ ಸತ್ತ ಬಿಳಿ ಕಣಗಳೇ ಜಾಸ್ತಿ.

ಶಾಂತಾ ಕಾಕು: ನಾಲ್ಕನೇ ಗ್ಲಾಸ್ ಬಚ್ಚಲಿಗೆ ಚೆಲ್ಲಿದೆ. ಮಹೇಶ, ಗಾಡಿ ತೆಗಿ.

ಬಸಣ್ಣ ಕಾಕಾ: ಬರುತ್ತೇನೆ. ಎರಡು ಕೆ.ಜಿ. ಬೆಲ್ಲ ತಂದಿದ್ದೇನಲ್ಲ, ಅದನ್ನೇನು ಮಾಡುವುದು?

ಶಾಂತಾ ಕಾಕು: ಹೋಳಿಗೆ. ನಿಮಗಿಲ್ಲ.