120 ಸೈಟಿನ ಲೇಔಟ್ ಬಂದರೆ ನಮ್ಮೂರ ರಸ್ತೆ ತಡೆಯುತ್ತಾ? ಲೆಕ್ಕ ಹಾಕುವುದು ಹೇಗೆ?

ನಾಲೆಏರಿ:
ಪಾಂಡವಪುರ ಕಡೆಯವನು ನಾನು. ನಮ್ಮೂರ ಪಕ್ಕದ ಬಯಲಲ್ಲಿ 120 ಸೈಟಿನ ಲೇಔಟ್ ಬರುತ್ತಿದೆ. ಊರಿಗಿರುವುದು ಒಂದೇ ಡಾಂಬರು ರಸ್ತೆ, ಟೇಪ್ ಹಿಡಿದು ಅಳೆದೆ, 3.75 ಮೀಟರ್. ನಡುವೆ ನಾಲೆ ಮೇಲೊಂದು ಹಳೇ ಮೋರಿ, ಅಲ್ಲಿ ಟ್ರ್ಯಾಕ್ಟರ್ ಬಂದರೆ ಎದುರಿನ ಬೈಕಿನವನು ಕಾಲೂರಿ ನಿಲ್ಲಬೇಕು. ಲೇಔಟ್‌ನವರು 'ಹತ್ತಿಪ್ಪತ್ತು ಕಾರು ಜಾಸ್ತಿ ಆಗಬಹುದು ಅಷ್ಟೇ' ಅಂತಾರೆ. ಗ್ರಾಮಸಭೆಯಲ್ಲಿ ಸುಮ್ನೆ ಕೂಗಾಡಿದರೆ ಯಾರು ಕೇಳುತ್ತಾರೆ, ಅಂಕಿ ಇಟ್ಟು ಮಾತಾಡಬೇಕು. ನೆಟ್ಟಲ್ಲಿ ಮನೆಗೆ ದಿನಕ್ಕೆ ಒಂಬತ್ತು ಹತ್ತು ಟ್ರಿಪ್ ಅಂತ ಇದೆ. ನಮಗೂ ಅದೇನಾ?

ಹಳೇಓವರ್‌ಸಿಯರ್:
ಅದು ಅಮೆರಿಕದ ಲೆಕ್ಕ, ಹಾಲು ತರುವುದಕ್ಕೂ ಕಾರು ತೆಗೆಯುವವರದ್ದು. ಬಿಡಿ. ನಿಮ್ಮ ಹತ್ತಿರದಲ್ಲೇ ಜನ ಸೇರಿರುವ ಹಳೇ ಲೇಔಟ್ ಒಂದನ್ನು ಹುಡುಕಿ, ಅದರ ಬಾಗಿಲಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ಕೂತು ಹೋಗುವ ಗಾಡಿ, ಬರುವ ಗಾಡಿ ಎರಡನ್ನೂ ಎಣಿಸಿ, ದೀಪ ಹತ್ತುವ ಮನೆಗಳಿಂದ ಭಾಗಿಸಿ. ಖಾಲಿ ಸೈಟು ಸೇರಿಸಬೇಡಿ. ಎಲ್ಲರೂ ಎಡವುವುದು ಅಲ್ಲೇ.

ಮನೆಗೆ 6 ಬಂತು ಅಂದುಕೊಳ್ಳಿ. 120 ಮನೆಗೆ 720. ಮುಕ್ಕಾಲು ಪಾಲು ಬೈಕ್ ಅಂದರೆ 540 ಬೈಕ್, 180 ಕಾರು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ರಸ್ತೆ ಸಾಮರ್ಥ್ಯದ ಪುಸ್ತಕ ಐಆರ್‌ಸಿ 64ರಲ್ಲಿ ಎಲ್ಲ ಗಾಡಿಯನ್ನೂ ಕಾರಿನ ಲೆಕ್ಕಕ್ಕೆ ತರುತ್ತಾರೆ, ಅದಕ್ಕೆ ಪಿಸಿಯು ಅಂತಾರೆ. ಕಾರಿಗೆ 1 ಪಿಸಿಯು, ಬೈಕಿಗೆ 0.5. ಒಟ್ಟು 450. ನಿಮ್ಮಂಥ ರಸ್ತೆಗೆ, ಅದೂ ಎರಡೂ ಕಡೆ ಮಣ್ಣಿನ ಅಂಚು ಸರಿಯಾಗಿದ್ದರೆ, ಅದೇ ಪುಸ್ತಕ ಹೇಳುವ ಮಿತಿ ದಿನಕ್ಕೆ ಸುಮಾರು 2,000 ಪಿಸಿಯು. 5.5 ಮೀಟರ್ ಇದ್ದಿದ್ದರೆ 6,000. ಈಗಾಗಲೇ ಎಷ್ಟು ಓಡುತ್ತಿದೆ ಅನ್ನುವುದನ್ನು ನೀವೇ ಎಣಿಸಬೇಕು.

ಆಲೆಮನೆಹುಡುಗ:
ಯಾವಾಗ ಎಣಿಸುತ್ತೀರಿ ಅನ್ನುವುದರಲ್ಲೇ ಎಲ್ಲ ಇದೆ. ಕಬ್ಬು ಕಡಿಯುವಾಗ ಎಣಿಸಿ. ಅದೇ ಪುಸ್ತಕದಲ್ಲಿ ಟ್ರೈಲರ್ ಕಟ್ಟಿದ ಟ್ರ್ಯಾಕ್ಟರ್‌ಗೆ 4.5, ಎತ್ತಿನ ಗಾಡಿಗೆ 8! 60 ಟ್ರ್ಯಾಕ್ಟರ್ ಕಬ್ಬು ಹೊತ್ತು ಹೋಗಿ ಖಾಲಿ ಬಂದರೆ 540 ಪಿಸಿಯು, ಇಡೀ ಲೇಔಟಿಗಿಂತ ಜಾಸ್ತಿ. 'ನಿಮ್ಮ ಟ್ರ್ಯಾಕ್ಟರೇ ಹೆಚ್ಚಾಯ್ತಲ್ಲ' ಅಂತ ಅವರು ತಿರುಗಿಬೀಳಬಹುದು, ಬೀಳಲಿ. ಎರಡೂ ಸೇರಿದ ದಿನ ರಸ್ತೆ ತಡೆಯುತ್ತಾ ಅಂತ ಕೇಳಿ. ಗಾಡಿ ಎಣಿಕೆಯ ಪುಸ್ತಕ ಐಆರ್‌ಸಿ 9 ಕೂಡ ವರ್ಷಕ್ಕೆ ಎರಡು ಸಲ, ಸುಗ್ಗಿಯಲ್ಲೊಮ್ಮೆ ಬಿಡುವಿನಲ್ಲೊಮ್ಮೆ, ಏಳೇಳು ದಿನ ಎಣಿಸಿ ಅನ್ನುತ್ತದೆ.

ಬೋಗಾದಿಆಚೆ:
ನಾನು ಲೇಔಟಲ್ಲೇ ಇರುವವನು, ಬೈಯಬೇಡಿ. ದಿನದ ಮೊತ್ತ ನೋಡಿದರೆ ನಮ್ಮ ರಸ್ತೆಯೂ ಖಾಲಿ ಖಾಲಿ. ಆದರೆ ಎಂಟೂವರೆಗೆ ಬಂದು ನೋಡಿ, ಸ್ಕೂಲ್ ವ್ಯಾನ್, ಆಫೀಸ್ ಬೈಕ್, ಹಾಲಿನ ಟೆಂಪೋ ಎಲ್ಲ ಒಂದೇ ಸಲ. ಹಾಗಾಗಿ ಮೋರಿ ಹತ್ತಿರ ಹದಿನೈದು ಹದಿನೈದು ನಿಮಿಷಕ್ಕೆ ಬೇರೆ ಬೇರೆ ಬರೆದಿಡಿ. ಗಾಡಿಗಳು ಯಾವ ಕಡೆ ತಿರುಗುತ್ತವೆ ಅನ್ನುವುದೂ ಬೇಕು. ಮೈಸೂರಿಗೆ ಹೋಗುವ ಬೈಕುಗಳು 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇ ಹತ್ತುವ ಹಾಗಿಲ್ಲ, ಸರ್ವಿಸ್ ರಸ್ತೆಯೇ ಗತಿ. ಇನ್ನೊಂದು, ಕಾರುಗಳಿಗೂ ಮೊದಲು ಬರುವುದು ಜಲ್ಲಿ, ಎಂ ಸ್ಯಾಂಡ್ ಲಾರಿ. ಒಂದೊಂದಕ್ಕೆ 3 ಪಿಸಿಯು. ನಮ್ಮಲ್ಲಿ ಮನೆಗಳು ಏಳುವ ಮುಂಚೆಯೇ ರಸ್ತೆ ಅಂಚು ಕಿತ್ತುಹೋಗಿತ್ತು.

ನಾಲೆಏರಿ:
ಇಷ್ಟು ಸಾಕು. ಸೋಮವಾರ ಬೆಳಿಗ್ಗೆ 6ಕ್ಕೆ ನಾನೂ ತಮ್ಮನೂ ಪುಸ್ತಕ ಹಿಡಿದು ಮೋರಿ ಕಟ್ಟೆ ಮೇಲೆ ಕೂರುತ್ತೇವೆ. ಕಟಾವು ಶುರುವಾದ ಮೇಲೆ ಇನ್ನೊಂದು ಸಲ. ಎತ್ತಿನ ಗಾಡಿಗೆ ಎಂಟು ಕಾರಿನ ಲೆಕ್ಕ ಅಂದಿದ್ದಕ್ಕೆ ಅಪ್ಪ, 'ಹಂಗಾದ್ರೆ ನಮ್ ಗಾಡಿ ಮಾರ್ಬೇಡ' ಅಂದರು.