ಸೀರಿಯಲ್ ಸೆಟ್‌ನಲ್ಲೇ ಇರಲಾ, ಪುಣೆಗೆ ಹೋಗಲಾ? ಕ್ಯಾಮೆರಾ ಕೆಲಸ ಗೊತ್ತಿರುವವರು ಹೇಳಿ

ಡೊಂಬಿವಲಿ ಹುಡುಗ:
ಎಲ್ಲರಿಗೂ ನಮಸ್ಕಾರ. ಊರು ಹಾವೇರಿ, ಈಗ ಮುಂಬೈ ಹತ್ತಿರ ಡೊಂಬಿವಲಿಯಲ್ಲಿ ಮಾಮನ ಮನೆಯಲ್ಲಿದ್ದೇನೆ. ಎರಡು ವರ್ಷದಿಂದ ಗೋರೆಗಾಂವ್ ಫಿಲ್ಮ್ ಸಿಟಿಯಲ್ಲಿ ಒಂದು ಹಿಂದಿ ಸೀರಿಯಲ್‌ಗೆ ಕ್ಯಾಮೆರಾ ಅಸಿಸ್ಟೆಂಟ್. 12 ಗಂಟೆ ಶಿಫ್ಟ್, ಅದರ ಮೇಲೆ ಲೋಕಲ್ ಟ್ರೇನು, ದುಡ್ಡು ಕೈಗೆ ಬರುವುದು 90 ದಿನ ಆದ ಮೇಲೆ. ಅದನ್ನಾದರೂ ಸಹಿಸಬಹುದು. ಆದರೆ ಅಡುಗೆಮನೆ ಆಗಲಿ ದೇವರ ಕೋಣೆ ಆಗಲಿ, ಹಗಲಾಗಲಿ ರಾತ್ರಿಯಾಗಲಿ, ಲೈಟಿಂಗ್ ಅದೇ! ಮೂರು ಕ್ಯಾಮೆರಾ ಒಟ್ಟಿಗೆ ಓಡುತ್ತವೆ, ಎಲ್ಲರ ಮುಖವೂ ಬೆಳ್ಳಗೆ ಕಾಣಬೇಕು. ಬೆಳಕು ನೋಡುವ ಕಣ್ಣೇ ಕೆಡುತ್ತಿದೆ ಅನಿಸುತ್ತಿದೆ. ಬಿ.ಕಾಂ ಆಗಿದೆ, ವಯಸ್ಸು 26. ಪುಣೆಯ ಸರ್ಕಾರಿ ಸಿನಿಮಾ ಶಾಲೆ ಎಫ್‌ಟಿಐಐ ಇದೆಯಲ್ಲ, ಅದರ ಎಂಟ್ರೆನ್ಸ್ ಬರೆಯಲಾ? ಮೂರು ವರ್ಷ ಸಂಪಾದನೆ ಇಲ್ಲ ಅಂತ ಅಪ್ಪನಿಗೆ ಹೇಗೆ ಹೇಳಲಿ?

ಮಾಟುಂಗಾ ಕಾಫಿ:
ಕ್ಯಾಮೆರಾ ಕೆಲಸದವರ ಯೂನಿಯನ್ ಕಾರ್ಡ್ ಮಾಡಿಸಿದ್ದೀಯಾ? ಮೊದಲು ಅದು. ಮಿಕ್ಕಿದ್ದು ಆಮೇಲೆ.

ಲಾ ಕಾಲೇಜ್ ರೋಡ್:
ನಾನು ಪುಣೆಯಲ್ಲಿ ಓದಿದವನು, ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ, ಹಾಗಂದುಕೊಂಡೇ ಓದು ತಮ್ಮಾ. ಅಲ್ಲಿ ಸಿಗುವ ದೊಡ್ಡ ಲಾಭ ಪಾಠ ಅಲ್ಲ, ಪುರುಸೊತ್ತು. ಸೆಟ್‌ನಲ್ಲಿ ಎಕ್ಸ್‌ಪೋಷರ್ (ಕ್ಯಾಮೆರಾಗೆ ಬಿಡುವ ಬೆಳಕಿನ ಅಳತೆ) ತಪ್ಪಿದರೆ ಬೈಗುಳ, ಅಲ್ಲಿ ಒಂದೇ ಲೈಟು ಹಿಡಿದು ರಾತ್ರಿಯಿಡೀ ಒಂದೇ ಮುಖವನ್ನು ಕೆಡಿಸಿ ಸರಿಮಾಡಿ ಮತ್ತೆ ಕೆಡಿಸಬಹುದು, ಯಾರೂ ಕೇಳುವುದಿಲ್ಲ. ಆದರೆ ಸೀಟು ಬೆರಳೆಣಿಕೆ. ಸಿಗದಿದ್ದರೆ ಅಳುತ್ತಾ ಕೂರಬೇಡ.

ಇನ್ನೊಂದು, ಟಿವಿ ಅಂತ ಕೀಳಾಗಿ ನೋಡಬೇಡ. ಗುರುದತ್ ಚಿತ್ರಗಳ ಕ್ಯಾಮೆರಾಮನ್, ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿ ಬಾಂಬೆಗೆ ಬಂದರು. ಬಂದವರು ನೇರ ಕ್ಯಾಮೆರಾಮನ್ ಆಗಲಿಲ್ಲ, ಫಾಲಿ ಮಿಸ್ತ್ರಿ ಅಂಥ ಕ್ಯಾಮೆರಾಮನ್‌ಗಳ ಕೈಕೆಳಗೆ ಅಸಿಸ್ಟೆಂಟ್ ಆಗಿ ದುಡಿದರು. ಅವರು ಶೂಟ್ ಮಾಡಿದ 1959ರ ‘ಕಾಗಜ್ ಕೆ ಫೂಲ್’ ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರ. ಅದರಲ್ಲಿ ಕನ್ನಡಿ ಇಟ್ಟು ಬಿಸಿಲನ್ನೇ ಸ್ಟುಡಿಯೋ ಒಳಗೆ ಕೋಲಿನಂತೆ ಇಳಿಸಿದರಲ್ಲ, ಅದನ್ನು ದೊಡ್ಡ ಪರದೆಯಲ್ಲಿ ನೋಡಬೇಕು, ಮೊಬೈಲ್‌ನಲ್ಲಿ ನೋಡಿ ಆಹಾ ಅನ್ನಬೇಡ. ಅದೇ ಮನುಷ್ಯ ಅರವತ್ತು ದಾಟಿದ ಮೇಲೆ ದೂರದರ್ಶನಕ್ಕೆ ‘ತಮಸ್’, ‘ಭಾರತ್ ಏಕ್ ಖೋಜ್’ ಶೂಟ್ ಮಾಡಿದರು. ‘ತಮಸ್’ ನಿರ್ದೇಶಕ ಗೋವಿಂದ ನಿಹಲಾನಿ ಕೂಡ ಅದೇ ಪಾಲಿಟೆಕ್ನಿಕ್‌ನವರು, ಒಂದು ಕಾಲಕ್ಕೆ ಮೂರ್ತಿಯವರ ಅಸಿಸ್ಟೆಂಟ್. 2008ರ ಸಾಲಿನ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂತು, ಕ್ಯಾಮೆರಾದವರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಅಂದರೆ ಶಾಲೆನೋ ಸೆಟ್ಟೋ ಅನ್ನುವ ಪ್ರಶ್ನೆಯೇ ತಪ್ಪು, ಅವರು ಎರಡನ್ನೂ ಮಾಡಿದರು.

ಫೋಕಸ್ ಅಣ್ಣ:
ಮೂರ್ತಿಯವರ ಕಾಲ ಬೇರೆ, ಈಗಿನ ಬಾಡಿಗೆ ಬೇರೆ ಸಾರ್. ಮನೆ ನಡೆಸಬೇಕಾದ ಹುಡುಗನಿಗೆ ನನ್ನ ದಾರಿ ಹೇಳುತ್ತೇನೆ. ನಾನು ಅಂಧೇರಿಯಲ್ಲಿ ಕ್ಯಾಮೆರಾ ಬಾಡಿಗೆಗೆ ಕೊಡುವ ಕಡೆ ಅಟೆಂಡೆಂಟ್ ಆಗಿ ಸೇರಿದೆ. ಕ್ಯಾಮೆರಾ ಎಲ್ಲಿಗೆ ಹೋದರೆ ಅಲ್ಲಿಗೆ ನಾವೂ. ಇವತ್ತು ಜಾಹೀರಾತು, ನಾಳೆ ಸಿನಿಮಾ, ನಾಡಿದ್ದು ವೆಬ್ ಸೀರೀಸ್. ಲೆನ್ಸ್ ಒರೆಸುತ್ತಾ ಒರೆಸುತ್ತಾ ಹತ್ತು ಜನ ಕ್ಯಾಮೆರಾಮನ್‌ಗಳ ಲೈಟಿಂಗ್ ನೋಡಿದೆ. ಈಗ ಫೋಕಸ್ ಪುಲ್ಲರ್, ಅಂದರೆ ಶಾಟ್ ನಡೆಯುವಾಗ ಫೋಕಸ್ ಸರಿಯಾಗಿ ಇಡುವವನು. ಡಿಗ್ರಿ ಯಾರೂ ಕೇಳಿಲ್ಲ. ಆದರೆ ನಿಜ ಹೇಳುತ್ತೇನೆ, ಒಂದು ಸಿನಿಮಾವನ್ನು ಶಾಟ್ ಶಾಟ್ ಆಗಿ ಬಿಡಿಸಿ ನೋಡುವುದು ಹೇಗೆ ಅಂತ ನನಗೆ ಯಾರೂ ಕಲಿಸಲಿಲ್ಲ, ಅದು ಈಗಲೂ ಕೊರೆಯುತ್ತದೆ.

ಡೊಂಬಿವಲಿ ಹುಡುಗ:
ಕಾರ್ಡ್ ಇಲ್ಲ ಅಣ್ಣಾ, ಅದನ್ನು ಈ ತಿಂಗಳೇ ನೋಡುತ್ತೇನೆ. ಎಂಟ್ರೆನ್ಸ್ ಒಂದು ಸಲ ಬರೆಯುತ್ತೇನೆ, ಅಪ್ಪನಿಗೆ ರಿಸಲ್ಟ್ ಬಂದ ಮೇಲೆ ಹೇಳಿದರಾಯ್ತು. ಅಂದ ಹಾಗೆ ನಿನ್ನೆ ಪ್ಯಾಕ್‌ಅಪ್ ಆದ ಮೇಲೆ ಲೈಟ್ ಹಾಕುವ ದಾದಾಗೆ ಕಾಡಿಬೇಡಿ ಒಂದೇ ಒಂದು ಬೇಬಿ ಲೈಟು (ಸಣ್ಣ ಲೈಟು), ಬೆಳಕು ಹಿಂದಕ್ಕೆ ಬೀಳಿಸಲು ಒಂದು ಥರ್ಮಾಕೋಲ್ ಇಟ್ಟು ಅವರದೇ ಮುಖ ಮೊಬೈಲ್‌ನಲ್ಲಿ ತೆಗೆದೆ. ಅರ್ಧ ಮುಖ ಕಪ್ಪು. ದಾದಾ ನೋಡಿ, ‘ಇದನ್ನು ಸೀರಿಯಲ್‌ನಲ್ಲಿ ಮಾಡಬೇಡ ಮಾರಾಯ, ಕರೆಂಟ್ ಹೋಗಿದೆ ಅಂದುಕೊಳ್ಳುತ್ತಾರೆ’ ಅಂದರು. ಫೋಟೋ ಮಾತ್ರ ಕಳಿಸು ಅಂತ ಇಸ್ಕೊಂಡರು.